ಬುಧವಾರದ ಭಾರ ಇಳಿಸುವುದು ಹೇಗೆ?

ಸೋಮವಾರಕ್ಕೆ ಒಂದು ಹುರುಪಿದೆ, ಶುಕ್ರವಾರಕ್ಕೆ ಬಿಡುಗಡೆಯ ಭಾವವಿದೆ. ಎರಡರ ನಡುವೆ ಸಿಕ್ಕ ಬುಧವಾರದ ಪಾಡು ಹೇಳತೀರದು. ವಾರದ ಆರಂಭದಲ್ಲಿ ಕೈಗೆತ್ತಿಕೊಂಡ ಕೆಲಸಗಳು ಅರ್ಧಕ್ಕೆ ನಿಂತಿರುತ್ತವೆ. ವಾರಾಂತ್ಯದ ಗಡುವು ಸಮೀಪಿಸಿರುತ್ತದೆ. ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತ ವಾಹನಗಳೊಳಗಿನ ಮುಖಗಳನ್ನು ನೋಡಿದರೆ ಸಾಕು, ದೇಹ ಇಲ್ಲಿದ್ದರೂ ಮನಸ್ಸು ನಾಳೆಯ ಸಭೆಯಲ್ಲಿ ಕುಳಿತಿದೆ ಎಂಬುದು ತಿಳಿಯುತ್ತದೆ.

ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದ ನಾನೂ ಇದಕ್ಕೆ ಹೊರತಾಗಿರಲಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಒಂದು ಬುಧವಾರ, ಆಸ್ಪತ್ರೆಯಲ್ಲಿ ತಾಯಿಯ ಹಾಸಿಗೆಯ ಪಕ್ಕ ಕುಳಿತು ಶುಕ್ರವಾರದ ಪರಿಶೀಲನಾ ಸಭೆಯ ಕಡತ ಓದುತ್ತಿದ್ದೆ. ಅಮ್ಮ ಏನೋ ಹೇಳಿದರು. ತಲೆ ಎತ್ತದೆಯೇ ‘ಹೂಂ’ ಅಂದೆ. ಮರುದಿನ ಬೆಳಗಿನ ಜಾವ ಅವರು ತೀರಿಕೊಂಡರು. ಸಭೆ ಮುಂದಕ್ಕೆ ಹೋಯಿತು. ಅಂದು ಓದಿದ ಅಂಕಿಅಂಶಗಳಲ್ಲಿ ಒಂದೂ ಈಗ ನೆನಪಿಲ್ಲ. ಅಮ್ಮ ಹೇಳಿದ್ದೇನು ಎಂಬುದು ಇಂದಿಗೂ ನನಗೆ ಗೊತ್ತಿಲ್ಲ.

ಇದು ನನ್ನೊಬ್ಬನ ದೌರ್ಬಲ್ಯವಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ಮಂದಿಯನ್ನು ದಿನದ ನಾನಾ ಹೊತ್ತಿನಲ್ಲಿ ಮೊಬೈಲ್ ಮೂಲಕ ಪ್ರಶ್ನಿಸಿ, 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಸುಮಾರು ಶೇ 47ರಷ್ಟು ಸಂದರ್ಭಗಳಲ್ಲಿ ಜನರ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಮನಸ್ಸು ಹಾಗೆ ಅಲೆಯುತ್ತಿದ್ದಾಗ ಅವರ ಸಂತೋಷವೂ ಕಡಿಮೆಯಿತ್ತು.

ಹಾಗಾದರೆ ನಾಳೆಯ ಯೋಚನೆಯೇ ಬೇಡವೇ? ಅರ್ಥಶಾಸ್ತ್ರ ಓದಿದವನು ಹಾಗೆನ್ನಲಾರ. ಉಳಿತಾಯ, ವಿಮೆ, ಬಜೆಟ್ ಎಲ್ಲವೂ ನಾಳೆಗಾಗಿಯೇ. ಆದರೆ ಯೋಜನೆ ಬೇರೆ, ಚಿಂತೆ ಬೇರೆ. ಯೋಜನೆಯನ್ನು ಹಾಳೆಯ ಮೇಲೆ ಬರೆದು ಮುಗಿಸಬಹುದು. ಚಿಂತೆಗೆ ಮುಕ್ತಾಯವೇ ಇಲ್ಲ. ಮರಳಿ ಬಾರದ ವೆಚ್ಚವನ್ನು ಮುಂದಿನ ತೀರ್ಮಾನದಲ್ಲಿ ಲೆಕ್ಕ ಹಿಡಿಯಬಾರದೆಂದು ನಮ್ಮ ಶಾಸ್ತ್ರ ಕಲಿಸುತ್ತದೆ. ಸೋಮವಾರದ ತಪ್ಪು ಅಂಥದೊಂದು ವೆಚ್ಚ. ಅದನ್ನು ಬಿಡಲು ತರ್ಕ ಸಾಕು. ಶುಕ್ರವಾರದ ಭಯವನ್ನು ಬಿಡಲು ನಂಬಿಕೆ ಬೇಕು.

12ನೇ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗ ಕನ್ನಡಿಗರಿಗೆ ಪರಿಚಿತ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರೆಂದು ಪ್ರತೀತಿ. ವಿದ್ಯಾರ್ಥಿದೆಸೆಯಲ್ಲಿ ನನಗೆ ಇದು ವ್ಯವಹಾರಜ್ಞಾನವಿಲ್ಲದ ಮಾತಾಗಿ ಕಂಡಿತ್ತು. ಈಗ ಬೇರೆ ಅರ್ಥ ಹೊಳೆಯುತ್ತದೆ. ಅವರು ಕಾಯಕವನ್ನು ಬಿಡಲಿಲ್ಲ. ಮರುದಿನವೂ ಅಕ್ಕಿ ಆಯಲೇಬೇಕಿತ್ತು. ಬಿಟ್ಟದ್ದು ನಾಳೆಯ ಭಯವನ್ನು ಮಾತ್ರ. ನಮ್ಮ ಪಾಲಿನ ಕೆಲಸವನ್ನು ಮಾಡಿದ ಮೇಲೆ ಉಳಿದುದು ನಮ್ಮ ಕೈಯಲ್ಲಿಲ್ಲ ಎಂದು ಸಮಾಧಾನದಿಂದ ಒಪ್ಪುವುದೇ ನಂಬಿಕೆ.

ಇದರಿಂದ ಸಂಸ್ಥೆಗಳ ಹೊಣೆ ತಪ್ಪುವುದಿಲ್ಲ. ಹತ್ತು ಮಂದಿಯ ಕೆಲಸವನ್ನು ಆರು ಮಂದಿಯಿಂದ ಮಾಡಿಸುವ ಕಚೇರಿ, ಅವರಿಗೆ ಧ್ಯಾನ ಶಿಬಿರ ಏರ್ಪಡಿಸಿ ಕೈತೊಳೆದುಕೊಳ್ಳುವಂತಿಲ್ಲ. ಆದರೆ ವ್ಯವಸ್ಥೆ ಸುಧಾರಿಸುವವರೆಗೂ ಬದುಕನ್ನು ಮುಂದೂಡಲಾಗದು.

ನಿವೃತ್ತನಿಗೂ ಕೆಲಸಗಳು ತಪ್ಪಿದ್ದಲ್ಲ. ಬುಧವಾರ ಸಂಜೆ, ವಾರದಲ್ಲಿ ಉಳಿದಿರುವ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದು ದೇವರ ಮನೆಯ ದೀಪದ ಪಕ್ಕದಲ್ಲಿಡುತ್ತೇನೆ. ಬೆಳಗಾಗುವವರೆಗೆ ಅದು ನನ್ನದಲ್ಲ. ಬಳಿಕ ಮೊಬೈಲನ್ನು ಬದಿಗಿಟ್ಟು ಊಟಕ್ಕೆ ಕೂರುತ್ತೇನೆ. ಮೊಮ್ಮಗಳು ಶಾಲೆಯ ಕಥೆ ತೆಗೆಯುತ್ತಾಳೆ. ಅದು ಬಲು ದೀರ್ಘ, ತಲೆಬುಡವೂ ಇರುವುದಿಲ್ಲ. ಆದರೂ ಬರಿದೆ ‘ಹೂಂ’ ಎನ್ನದೆ, ಮುಗಿಯುವವರೆಗೂ ಅವಳ ಮುಖ ನೋಡುತ್ತಾ ಕೇಳುತ್ತೇನೆ.