ಮುಯ್ಯಾಳಿನ ಕಂಪ್ಯೂಟರ್ ಪಾಠ

ರೋಣ, ನರಗುಂದ, ಗಜೇಂದ್ರಗಡದ ರೈತರಿಗೆ ಮುಯ್ಯಾಳು ಎಂದರೇನೆಂದು ವಿವರಿಸಬೇಕಿಲ್ಲ. ಇವತ್ತು ನಿಮ್ಮ ಹೊಲದ ಕೆಲಸಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕಂಪ್ಯೂಟರ್ ಬಳಕೆದಾರರ ಕೂಟಗಳು ನಡೆದದ್ದೂ ಇದೇ ಲೆಕ್ಕದಲ್ಲಿ.

1975ರ ಮಾರ್ಚ್‌ನಲ್ಲಿ ಅಮೆರಿಕದ ಮೆನ್ಲೊ ಪಾರ್ಕ್‌ನ ಗ್ಯಾರೇಜೊಂದರಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಮೊದಲ ಸಲ ಸೇರಿತು. ಸ್ಟೀವ್ ವೋಜ್ನಿಯಾಕ್ ಆಪಲ್‌ನ ಮೊದಲ ಯಂತ್ರವನ್ನು ತೋರಿಸಿದ್ದು ಆ ಗೆಳೆಯರಿಗೆ. 1977ರಲ್ಲಿ ಶುರುವಾದ ಬಾಸ್ಟನ್ ಕಂಪ್ಯೂಟರ್ ಸೊಸೈಟಿ ಮೂವತ್ತು ಸಾವಿರ ಸದಸ್ಯರವರೆಗೆ ಬೆಳೆದು 1996ರಲ್ಲಿ ಬಾಗಿಲು ಹಾಕಿತು. ನಮ್ಮಲ್ಲಿ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಬಳಸುವವರ ಬೆಂಗಳೂರಿನ ಕೂಟ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಆರಂಭಿಸಿತು. 2005ರಲ್ಲಿ ಅದು ‘ಫಾಸ್ ಡಾಟ್ ಇನ್’ ಆಯಿತು; 2012ಕ್ಕೆ ನಿಂತಿತು. ಲಿನಕ್ಸ್ ಕೂಟಗಳು ಏರಿದ್ದಕ್ಕೂ ಇಳಿದದ್ದಕ್ಕೂ ಒಂದು ಕಾರಣ ಇಂಟರ್ನೆಟ್ಟಿನ ವೇಗ: ಅದು ನಿಧಾನವಿದ್ದಾಗ ತಂತ್ರಾಂಶದ ಸಿ.ಡಿ.ಯನ್ನು ಕೈಯಿಂದ ಕೈಗೆ ದಾಟಿಸಲು ಜನ ಸೇರಲೇಬೇಕಿತ್ತು, ವೇಗ ಬಂದ ಮೇಲೆ ಬೇಕಿರಲಿಲ್ಲ.

ಕೂಟಗಳು ಹೀಗೆ ಮರೆಯಾದದ್ದನ್ನು ನಷ್ಟ ಎನ್ನಬೇಕೇ?

ಅಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಆ ಕೂಟಗಳು ದೊಡ್ಡ ಊರಿನವು, ಅಲ್ಲಿಯ ಮಾತು ಬಹುಪಾಲು ಇಂಗ್ಲಿಷಿನದು. ನಾನೂರು ಕಿಲೋಮೀಟರಿಗೂ ದೂರದ ರೋಣದ ಹುಡುಗನಿಗೆ ಅವುಗಳ ಬಾಗಿಲು ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ. ಸಂಜೆಯ ಸಭೆಗೆ ಹೋಗಿ ಬರಲು ಹೆಣ್ಣುಮಕ್ಕಳಿಗೆ ಮನೆಯ ಒಪ್ಪಿಗೆಯೂ ಸಿಗಬೇಕಿತ್ತು. 2016ರ ನಂತರ ಡೇಟಾ ಅಗ್ಗವಾಯಿತು. ಗಜೇಂದ್ರಗಡದ ನೇಕಾರರ ಮನೆಯ ಮಗಳು ಇಂದು ರಾತ್ರಿ ಕೆಲಸ ಮುಗಿಸಿ, ಫೋನಿನಲ್ಲಿ ಕನ್ನಡದ ವಿಡಿಯೊ ನೋಡಿ, ತಿಳಿಯದ್ದನ್ನು ಮತ್ತೆ ಮತ್ತೆ ತಿರುಗಿಸಿ ಕಲಿಯಬಲ್ಲಳು. ಯಾವ ಕೂಟವೂ ಇಷ್ಟು ಜನರನ್ನು ತಲುಪಿರಲಿಲ್ಲ.

ನಷ್ಟ ಎನ್ನುವವರ ಮಾತಿಗೂ ಅಷ್ಟೇ ತೂಕವಿದೆ. ವಿಡಿಯೊ ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೇರಿದ ಮೇಲೆ ರೈತನ ಬದುಕಿನ ಕಾಗದಪತ್ರ ಒಂದೊಂದಾಗಿ ತೆರೆಯ ಮೇಲೆ ಬಂತು. ಈಗ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ತನ್ನ ಹೊಲದ ಫೋಟೊ ತೆಗೆದು ಬೆಳೆಯ ಹೆಸರನ್ನು ಅವನೇ ದಾಖಲಿಸಬಹುದು. ಹೆಸರುಕಾಳು ಬಿತ್ತಿದವನ ದಾಖಲೆಯಲ್ಲಿ ಗೋವಿನಜೋಳ ಎಂದು ಬಿದ್ದರೆ ಬೆಳೆವಿಮೆಗೆ ಕುತ್ತು. ಆ ಹೊತ್ತಿಗೆ ಅವನಿಗೆ ಬೇಕಾದದ್ದು ಪಕ್ಕದಲ್ಲಿ ಕೂತು, ಅವನದೇ ಫೋನು ಹಿಡಿದು, ‘ಇಲ್ಲಿ ಒತ್ತು’ ಎನ್ನುವ ಒಬ್ಬ ಮನುಷ್ಯ. ಕಂಪ್ಯೂಟರ್ ಅಂಗಡಿಯವನು ದುಡ್ಡು ತಗೊಂಡು ಕೆಲಸ ಮಾಡಿಕೊಡುತ್ತಾನೆ, ಕಲಿಸುವುದಿಲ್ಲ. ಒ.ಟಿ.ಪಿ. ಕೇಳಿ ಖಾತೆ ಬರಿದು ಮಾಡುವ ವಂಚಕನಿಗೂ ಬೇಕಾದದ್ದು ಒಂಟಿಯಾಗಿ ಫೋನು ಹಿಡಿದು ಕೂತವನೇ. ಕೂಟದಲ್ಲಿ ಕಲಿತವನು ಮರುವಾರ ಇನ್ನೊಬ್ಬನಿಗೆ ಕಲಿಸುತ್ತಿದ್ದ. ಆ ಋಣದ ಸರಪಳಿ ಈಗ ಕಡಿದಿದೆ.

ಎರಡನ್ನೂ ತೂಗಿ ನೋಡಿದರೆ ನನಗೆ ತೋರುವುದು ಇಷ್ಟು. ಸಿ.ಡಿ. ಹಂಚುವ ಕೂಟದ ಕಾಲ ಮುಗಿಯಿತು, ಅದಕ್ಕೆ ಮರುಗಬೇಕಿಲ್ಲ. ಮಾಹಿತಿಯ ಬರ ನೀಗಿದೆ, ಜೊತೆಯ ಬರ ನೀಗಿಲ್ಲ. ಬೆಂಗಳೂರಿಗೆ ಬೇಡವಾದ ಕೂಟ ನಮ್ಮ ಮೂರು ತಾಲ್ಲೂಕುಗಳಿಗೆ ಈಗ ಬೇಕಾಗಿದೆ.

ಅದಕ್ಕೆ ಹೊಸ ಕಟ್ಟಡ ಬೇಡ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ತಿಂಗಳಿಗೊಂದು ಸಂಜೆ, ಹೆಣ್ಣುಮಕ್ಕಳಿಗೂ ಒಗ್ಗುವ ಹೊತ್ತಿನಲ್ಲಿ, ಕಾಲೇಜಿನ ನಾಲ್ಕು ಮಕ್ಕಳು, ಊರಿನ ಹತ್ತು ಹಿರಿಯರು ತಮ್ಮ ತಮ್ಮ ಫೋನುಗಳೊಂದಿಗೆ ಅಲ್ಲಿ ಸೇರಿದರೆ ಸಾಕು. 1905ರಲ್ಲಿ ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಾಲಕ್ಕಾಗಿ ಒಬ್ಬರಿಗೊಬ್ಬರು ಹೆಗಲು ಕೊಟ್ಟ ರೈತರು ದೇಶಕ್ಕೆ ಸಹಕಾರದ ದಾರಿ ತೋರಿಸಿದರು. ಅರಿವಿಗಾಗಿಯೂ ಹಾಗೆ ಹೆಗಲು ಕೊಡೋಣ. ಈ ತಿಂಗಳೇ ಶುರುಮಾಡಿ. ನಿಮಗೆ ಗೊತ್ತಿರುವ ಒಂದನ್ನು ಪಕ್ಕದ ಮನೆಯವರಿಗೆ ಕಲಿಸಿ.