ಹೆಪ್ಪುಗಟ್ಟಿದ ಸರೋವರದ ಮೇಲಣ ಓಟ

2023ನೆಯ ಇಸವಿ ಫೆಬ್ರುವರಿ 20ರಂದು ಲದಾಖಿನ ಪಾಂಗಾಂಗ್ ಸರೋವರದಲ್ಲಿ 75 ಮಂದಿ ಓಟಗಾರರು ಲುಕುಂಗಿನಿಂದ ಮಾನ್ ಗ್ರಾಮದವರೆಗೆ 21 ಕಿಲೋಮೀಟರು ದೂರದ ಓಟವನ್ನು ಕೈಕೊಂಡರು. ಅವರು ಓಡಿದ್ದು ಕಲ್ಲಿನಂತೆ ಹೆಪ್ಪುಗಟ್ಟಿದ ನೀರಿನ ಮೇಲೆ ಎಂಬುದು ಇಲ್ಲಿಯ ವಿಶೇಷವು. 13,862 ಅಡಿ ಎತ್ತರದಲ್ಲಿ ನಡೆದ ಈ ಓಟವು ಗಿನ್ನೆಸ್ ದಾಖಲೆಯಲ್ಲಿ ಸೇರಿತು. ವ್ಯವಸ್ಥಾಪಕರು ಇದಕ್ಕೆ ಇಟ್ಟ ಹೆಸರು ‘ಲಾಸ್ಟ್ ರನ್’, ಅಂದರೆ ‘ಕಡೆಯ ಓಟ’. ಭೂಮಿಯ ತಾಪವು ಹೀಗೆಯೇ ಏರುತ್ತ ಹೋದರೆ ಮುಂದೊಂದು ದಿನ ಅಲ್ಲಿ ಕಾಲಿಡಲು ಹಿಮವೇ ಉಳಿಯಲಾರದೆಂಬ ಎಚ್ಚರಿಕೆಯು ಆ ಹೆಸರಿನಲ್ಲಿ ಅಡಗಿದೆ.

ಓಟಗಾರರ ಸಾಹಸವನ್ನು ಮೆಚ್ಚದಿರುವುದು ಕೃಪಣತನವಾದೀತು. ಪಾಂಗಾಂಗಿನದು ಉಪ್ಪುನೀರು, ಅದೂ ಗಡ್ಡೆಕಟ್ಟುವಂಥ ಚಳಿ ಅಲ್ಲಿಯದು. ಉಷ್ಣಮಾನವು ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿಳಿಯುವುದುಂಟು. ಉಸಿರಿಗೆ ದೊರೆಯುವ ಪ್ರಾಣವಾಯುವಾದರೋ ಸಮುದ್ರತೀರದಲ್ಲಿ ದೊರೆಯುವುದರ ನೂರಕ್ಕೆ ಸುಮಾರು 60 ಪಾಲು ಮಾತ್ರ. ಇಂತಹ ಸ್ಥಳದಲ್ಲಿ ಓಡಿದವರ ದೇಹಬಲವೂ ಮನೋಬಲವೂ ಪ್ರಶಂಸಾರ್ಹವಾದುವು.

ಆದರೆ ಎಚ್ಚರಿಕೆಯ ಗಂಟೆಯನ್ನು ಬಾರಿಸಿದ ಮಾತ್ರಕ್ಕೆ ಬೆಂಕಿಯು ಆರಲಾರದು. ಲೇಹದಲ್ಲಿ ವರ್ಷಕ್ಕೆ ಮಳೆ ಹಿಮಗಳೆಲ್ಲ ಸೇರಿ ಸುಮಾರು 100 ಮಿಲಿಮೀಟರಿನಷ್ಟೇ ಬೀಳುತ್ತದೆ. ಆದುದರಿಂದ ಅಲ್ಲಿಯ ರೈತನು ಮುಗಿಲಿಗಿಂತ ಹೆಚ್ಚಾಗಿ ಬೆಟ್ಟದ ಮೇಲಣ ಹಿಮನದಿಯನ್ನೇ ನಂಬಿ ಜವೆಗೋಧಿಯನ್ನು ಬಿತ್ತುತ್ತಾನೆ. ಬಿತ್ತನೆಗೆ ನೀರು ಬೇಕಾದುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಹಿಮನದಿಯು ಕರಗಿ ಧಾರಾಳವಾಗಿ ಹರಿಯುವುದು ಬೇಸಿಗೆಯು ಬಲಿತ ಮೇಲೆ. ಹಿಮನದಿಯು ಹಿಂದೆ ಸರಿದಂತೆಲ್ಲ ಈ ಸಂಕಟವು ಹೆಚ್ಚುತ್ತದೆ. ಅದನ್ನು ಕಂಡು ಇಂಜಿನಿಯರರಾದ ಶ್ರೀ ಚೆವಾಂಗ್ ನೊರ್ಫೆಲ್ ಅವರು ಚಳಿಗಾಲದಲ್ಲಿ ವ್ಯರ್ಥವಾಗಿ ಹರಿದುಹೋಗುವ ನೀರನ್ನು ಹಳ್ಳಿಗಳ ಮೇಲ್ಭಾಗದಲ್ಲಿ ತಡೆದು ಹೆಪ್ಪುಗಟ್ಟಿಸಿ, ಬಿತ್ತನೆಯ ಕಾಲಕ್ಕೆ ಕರಗಿ ಒದಗುವಂತೆ ಮಾಡಿದರು. 2015ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಶ್ರೀ ಸೋನಂ ವಾಂಗ್ಚುಕ್ ಅವರು 2013-14ರ ಚಳಿಗಾಲದಿಂದ ಹಿಮವನ್ನು ಸ್ತೂಪಾಕಾರದಲ್ಲಿ ನಿಲ್ಲಿಸಿ, ಬಿಸಿಲಿಗೆ ಒಡ್ಡಿಕೊಳ್ಳುವ ಮೈಯನ್ನು ಕಡಿಮೆ ಮಾಡಿ, ಅದು ಬಹುಕಾಲ ಬಾಳುವ ಉಪಾಯವನ್ನು ತೋರಿಸಿದರು.

ಹಿಮವನ್ನುಳಿಸಿರೆಂದು ಸಾರಲು ದೂರದೂರದಿಂದ ವಿಮಾನ ಮೋಟಾರುಗಳಲ್ಲಿ ಹೋಗುವುದು ವಿಪರೀತವಲ್ಲವೇ ಎಂದು ಕೆಲವರು ಕೇಳಬಹುದು. ಆಕ್ಷೇಪಣೆಯು ನಿರಾಧಾರವಾದುದಲ್ಲ. 2009ರ ‘ತ್ರೀ ಈಡಿಯಟ್ಸ್’ ಚಲನಚಿತ್ರದಲ್ಲಿ ಈ ಸರೋವರವನ್ನು ಕಂಡ ಮೇಲೆ ಅಲ್ಲಿಗೆ ಧಾವಿಸಿದ ಪ್ರವಾಸಿಗರ ಗುಂಪು, ಬಿಟ್ಟುಹೋದ ಕಸ ಇವು ಎಲ್ಲರಿಗೂ ತಿಳಿದ ಸಂಗತಿಗಳು. ಆದರೂ ಓಟವನ್ನೇ ನಿಲ್ಲಿಸಬೇಕೆಂದು ನಾವು ಹೇಳೆವು. ಚಳಿಗಾಲದಲ್ಲಿ ಬರುವ ಕೆಲವೇ ಅತಿಥಿಗಳಿಂದ ಗಡಿನಾಡಿನ ಹಳ್ಳಿಗಳಿಗೆ ನಾಲ್ಕು ಕಾಸು ದೊರೆಯುವುದು ಅಲ್ಪ ಲಾಭವೇನಲ್ಲ. ಹಳ್ಳಿಗಳು ಬರಿದಾದರೆ ಗಡಿಯೂ ಬರಿದಾದಂತೆಯೇ.

ಆದುದರಿಂದ ಅಧಿಕಾರಿಗಳಿಗೂ ವ್ಯವಸ್ಥಾಪಕರಿಗೂ ನಮ್ಮ ಸೂಚನೆಯಿಷ್ಟು. ಓಟಗಾರರ ಸಂಖ್ಯೆಯು ಮಿತಿ ಮೀರದಿರಲಿ. ತಂಗುವ ಮನೆ, ಊಟ, ವಾಹನಗಳೆಲ್ಲ ಗ್ರಾಮಸ್ಥರವೇ ಆಗಿರಲಿ. ಒಯ್ದ ವಸ್ತುವಿನ ಚೂರೂ ಅಲ್ಲಿ ಉಳಿಯದಿರಲಿ. ಪ್ರವೇಶಧನದ ಒಂದು ಪಾಲು ಹಿಮಸಂಗ್ರಹದ ಕಟ್ಟೆಗಳಿಗೆ ಮೀಸಲಾಗಿ, ಅದರ ಲೆಕ್ಕವು ಪ್ರತಿವರ್ಷವೂ ಬಹಿರಂಗವಾಗಿ ಪ್ರಕಟವಾಗಲಿ. ದಾಖಲೆಯ ಪುಸ್ತಕದಲ್ಲಿ ಹೆಸರು ಬಂದುದು ಸಂತೋಷವೇ ಸರಿ. ಆದರೆ ಈ ಓಟದಿಂದ ಎಷ್ಟು ಹೊಲಗಳಿಗೆ ಬಿತ್ತನೆಯ ಕಾಲದಲ್ಲಿ ನೀರು ಹರಿಯಿತೆಂದು ಮಾನ್ ಗ್ರಾಮದ ರೈತನು ಕೇಳಿದರೆ, ಅವನಿಗೆ ಕೊಡಲು ಉತ್ತರವೂ ಸಿದ್ಧವಾಗಿರಬೇಕು.