ಎಷ್ಟು ಜಲ್ಲಿ ಸಾಕು?

ಮನೆ ಕಟ್ಟಿಸಿದವರ ಬಾಯಲ್ಲಿ ಸಿಮೆಂಟಿನ ಮಾತು, ಕಬ್ಬಿಣದ ಮಾತು, ಮರದ ಮಾತು ಬೇಕಾದಷ್ಟು ಬರುತ್ತದೆ. ಜಲ್ಲಿಯ ಮಾತು ಬರುವುದು ಅಪರೂಪ. ಅದು ಕಾಲ ಕೆಳಗಿನ ವಸ್ತು. ಎಷ್ಟು ಬಂದಿತು, ಎಷ್ಟು ಉಳಿಯಿತು ಎಂದು ಕೇಳುವವರಿಲ್ಲ. ಮೈಸೂರಿನ ಬಡಾವಣೆಯೊಂದರಲ್ಲಿರುವ ಒಬ್ಬ ಗೃಹಸ್ಥರು ಮಾತ್ರ ಅದನ್ನು ಬಾಂಡ್ಲಿಯ ಲೆಕ್ಕದಲ್ಲಿ ಎಣಿಸುವ ಸ್ಥಿತಿಗೆ ಬಂದರು. ಅದಕ್ಕೊಂದು ಕಾರಣವಿತ್ತು.

ಹಿಂದಿನ ವರ್ಷ ಅವರ ಮನೆಗೆ ತಾರಸಿ ಹಾಕಿಸಿದಾಗ ಉಳಿದ ಜಲ್ಲಿ ಗೇಟಿನ ಹೊರಗೆ, ರಸ್ತೆಯ ಅಂಚಿನಲ್ಲಿ ರಾಶಿಯಾಗಿ ಬಿದ್ದಿತ್ತು. ‘ನಾಳೆ ತೆಗೆಸಿದರಾಯಿತು’ ಎನ್ನುತ್ತ ಒಂದು ತಿಂಗಳು ಕಳೆಯಿತು. ರಾಶಿಯೇನೋ ಅಂಚಿನಲ್ಲಿಯೇ ಇತ್ತು. ಆದರೆ ಅದರ ಕಲ್ಲುಗಳು ಮಳೆಗೂ ಗಾಡಿಗಳ ಓಡಾಟಕ್ಕೂ ಸಿಕ್ಕಿ ದಾರಿಯ ನಡುವಿನವರೆಗೆ ಹರಡಿದ್ದವು. ಬೀದಿದೀಪ ಕೆಟ್ಟಿದ್ದ ಒಂದು ರಾತ್ರಿ, ಎದುರುಮನೆಯ ಹುಡುಗನ ಸ್ಕೂಟರಿನ ಚಕ್ರ ಆ ಕಲ್ಲುಗಳ ಮೇಲೆ ಜಾರಿತು. ಬಲಗೈಯ ಮಣಿಕಟ್ಟು ಮುರಿಯಿತು. ಪರೀಕ್ಷೆಗೆ ಹನ್ನೆರಡು ದಿನಗಳಿದ್ದವು. ಗೃಹಸ್ಥರೇ ಆಸ್ಪತ್ರೆಗೆ ಓಡಿದರು, ಖರ್ಚನ್ನೂ ಕೊಟ್ಟರು. ಹುಡುಗನ ತಾಯಿ ಬೈಯಲಿಲ್ಲ, ಆಕ್ಷೇಪಿಸಲಿಲ್ಲ. ಅಂದಿನಿಂದ ಆಕೆ ಮಾತನ್ನೇ ಆಡಲಿಲ್ಲ.

ಆದುದರಿಂದ ಈ ಸಲ ಮಳೆಗಾಲದ ಆರಂಭದಲ್ಲಿ, ಗೇಟಿನಿಂದ ಮನೆಯ ಪಕ್ಕದಲ್ಲಿ ಹಾದು ಹಿತ್ತಲಿನ ಕಾರ್ ಷೆಡ್ಡಿಗೆ ಹೋಗುವ ಹಾದಿಗೆ ಜಲ್ಲಿ ಹಾಕಿಸಬೇಕೆಂಬ ಮಾತು ಬಂದಾಗ, ಅವರು ಕೈಯಾಡಿಸಿಬಿಟ್ಟರು. “ಆ ಹೆಸರೇ ಬೇಡ.”

“ಬೇಡವಾದರೆ ನನ್ನನ್ನೂ ಆಸ್ಪತ್ರೆಗೆ ಹೊತ್ತುಕೊಂಡು ಹೋಗು,” ಎಂದರು ಅವರ ತಾಯಿ. ಆಕೆಗೆ ಎಂಬತ್ತು ದಾಟಿದೆ. ಪ್ರತಿದಿನವೂ ಪೂಜೆಗೆ ಹೂ ಕೊಯ್ಯಲು ಹಿತ್ತಲಿಗೆ ಹೋಗಲೇಬೇಕು. ಕೆಮ್ಮಣ್ಣಿನ ಹಾದಿ ಎರಡು ಮಳೆಗೆ ಜಾರುಬಂಡೆಯಾಗಿತ್ತು. ಹಿಂದಿನ ದಿನ ಆಕೆ ಗೋಡೆ ಹಿಡಿದುಕೊಂಡದ್ದರಿಂದ ಉಳಿದಿದ್ದರು. “ಜಲ್ಲಿಯದೇನೋ ತಪ್ಪು? ಬೇಕಾದ್ದಕ್ಕಿಂತ ಹೆಚ್ಚು ತರಿಸಿದ್ದು ನಿನ್ನ ತಪ್ಪು. ಈ ಸಲ ಲೆಕ್ಕ ಹಾಕಿ ತರಿಸು.”

ಮೇಸ್ತ್ರಿಯನ್ನು ಕರೆಸಿದರು. ಆತನು ಹಾದಿಯನ್ನು ಒಮ್ಮೆ ಕಣ್ಣಳತೆಯಲ್ಲಿ ನೋಡಿ, “ಎರಡು ಲೋಡು ಹೊಡೆಸಿಬಿಡಿ ಸಾರ್. ಕಡಮೆ ಬೀಳೋದು ಬೇಡ,” ಎಂದನು. ಅವನ ಅನುಭವವನ್ನು ಅಲ್ಲಗಳೆಯುವಂತಿಲ್ಲ. ಆದರೆ ಲೋಡು ಎಂಬುದು ಅಳತೆಯಲ್ಲ. ಅದು ಲಾರಿಯ ಹೊಟ್ಟೆಯ ಗಾತ್ರ. ಒಂದು ಲಾರಿಯ ಹೊಟ್ಟೆ ಇನ್ನೊಂದಕ್ಕೆ ಸಮನಲ್ಲ. ಅದೇ ಲಾರಿಯೂ ಒಂದು ದಿನ ತುಂಬಿದಷ್ಟು ಇನ್ನೊಂದು ದಿನ ತುಂಬಬೇಕೆಂದಿಲ್ಲ. ನೂರು ಘನ ಅಡಿಗೆ ಒಂದು ಬ್ರಾಸ್ ಎಂದು ಉತ್ತರ ಕರ್ನಾಟಕದ ಕಡೆ ಹೇಳುವ ಮಾತಿನಲ್ಲಿ ಕೊಡುವವನಿಗೂ ಕೊಳ್ಳುವವನಿಗೂ ಒಂದೇ ಅರ್ಥವಿದೆ. ಲೋಡಿನಲ್ಲಿ ಆ ಒಪ್ಪಂದವಿಲ್ಲ.

ಹೀಗಾಗಿ ಗೃಹಸ್ಥರೇ ಟೇಪು ಹಿಡಿದರು. ಉದ್ದ 40 ಅಡಿ, ಅಗಲ 10 ಅಡಿ; ಒಟ್ಟು 400 ಚದರ ಅಡಿ. ಕಾರು ಓಡಾಡುವ ಹಾದಿಯಾದ್ದರಿಂದ ಎರಡು ಪದರ ಬೇಕೆಂದು ಮೇಸ್ತ್ರಿ ಹೇಳಿದ್ದನು: ಕೆಳಗೆ 40 ಮಿಲಿಮೀಟರಿನ ದಪ್ಪ ಜಲ್ಲಿ 3 ಅಂಗುಲ, ಮೇಲೆ 20 ಮಿಲಿಮೀಟರಿನದು 2 ಅಂಗುಲ. ಹೊಳೆಯ ನುಣುಪು ಕಲ್ಲು ನೋಡಲು ಚೆಂದ. ಆದರೆ ಚಕ್ರದ ಕೆಳಗೆ ಅದು ಉರುಳುತ್ತದೆ. ಒಡೆದ ಕಲ್ಲಿನ ಮೂಲೆಗಳು ಒಂದರೊಳಗೊಂದು ಕಚ್ಚಿಕೊಂಡು ನಿಲ್ಲುತ್ತವೆ.

ಗೃಹಸ್ಥರು ಕಾಗದದ ಮೇಲೆ, ಒಟ್ಟು ದಪ್ಪ 5 ಅಂಗುಲ, ಅಂದರೆ 0.5 ಅಡಿ, ಎಂದು ಬರೆದರು. 400ನ್ನು ಅದರಿಂದ ಗುಣಿಸಿದರೆ 200 ಘನ ಅಡಿ. ಪಿಯುಸಿಯಲ್ಲಿ ಓದುತ್ತಿರುವ ಮಗಳು ಹಿಂದಿನಿಂದ ಬಗ್ಗಿ ನೋಡಿದಳು.

“ಅಪ್ಪಾ, ಅಡಿಗೆ ಹನ್ನೆರಡು ಅಂಗುಲ. ಅರ್ಧ ಅಡಿ ಅಂದರೆ ಆರು ಅಂಗುಲ ಆಗುತ್ತೆ, ಐದಲ್ಲ.”

ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದವರು ಕನ್ನಡಕ ತೆಗೆದು ಒರೆಸಿಕೊಂಡರು. ಈ ತಪ್ಪು ಅವರೊಬ್ಬರದೇ ಅಲ್ಲ. 1956ರ ಕಾಯಿದೆಯಿಂದ ಮೆಟ್ರಿಕ್ ಅಳತೆ ದೇಶಕ್ಕೆ ಬಂದಿತು. ಆದರೂ ನಮ್ಮ ನಿವೇಶನಗಳು ಇಂದಿಗೂ ಮೂವತ್ತು ನಲವತ್ತರ ಅಡಿಗಳಲ್ಲಿಯೇ ಇವೆ. ಗಾರೆಯವನ ದಪ್ಪ ಅಂಗುಲದಲ್ಲಿದೆ. ಜಲ್ಲಿಯ ಗಾತ್ರ ಮಿಲಿಮೀಟರಿನಲ್ಲಿದೆ. ಅದರ ತೂಕ ಟನ್ನಿನಲ್ಲಿದೆ. ಒಂದು ಹಾದಿಗೆ ನಾಲ್ಕು ಭಾಷೆ. ಹತ್ತರ ಲೆಕ್ಕಕ್ಕೆ ಒಗ್ಗಿದ ಕೈ ಹನ್ನೆರಡರ ಲೆಕ್ಕದಲ್ಲಿ ಎಡವುವುದು ಸಹಜ. ಅಂಗುಲವನ್ನು ಹನ್ನೆರಡರಿಂದ ಭಾಗಿಸಿ ಅಡಿಮಾಡಿದ ಮೇಲೆಯೇ ಗುಣಾಕಾರಕ್ಕೆ ಕೈಹಾಕಬೇಕು.

ಅಷ್ಟರಲ್ಲಿ ಅಜ್ಜಿ ಜಗಲಿಯಿಂದ ಕೇಳಿದರು: “ಎಲ್ಲಾ ಸರಿ. ಬರಿಗಾಲಲ್ಲಿ ನಾನು ಅದರ ಮೇಲೆ ನಡೆಯೋದು ಹೇಗೆ?”

ಈ ಪ್ರಶ್ನೆ ಯಾವ ಲೆಕ್ಕದಲ್ಲಿಯೂ ಇರಲಿಲ್ಲ. ಕೊನೆಗೆ, ಮನೆಯ ಗೋಡೆಯ ಉದ್ದಕ್ಕೂ 2 ಅಡಿ ಅಗಲಕ್ಕೆ ಮರಳಿನ ಹಾಸಿನ ಮೇಲೆ ಕಲ್ಲುಚಪ್ಪಡಿ ಹಾಕಿಸುವುದೆಂದು ತೀರ್ಮಾನವಾಯಿತು. ಕಾರಿಗೆ ಉಳಿದ 8 ಅಡಿ ಧಾರಾಳವಾಗಿ ಸಾಕು. ಚಪ್ಪಡಿಯ 80 ಚದರ ಅಡಿಯನ್ನು ಕಳೆದರೆ ಜಲ್ಲಿಗೆ ಉಳಿಯುವುದು 320.

ಲೆಕ್ಕ ಹೊಸದಾಗಿ ನಡೆಯಿತು. ಕೆಳಪದರಕ್ಕೆ 320ನ್ನು ಮೂರರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿದರೆ 80 ಘನ ಅಡಿ. ಆದರೆ ಇದು ದಿಮ್ಮಸು ಹೊಡೆದು ಗಟ್ಟಿಯಾದ ಮೇಲಿನ ಅಳತೆ. ಸಡಿಲವಾಗಿ ಬರುವ ಜಲ್ಲಿಯ ನಡುವೆ ಗಾಳಿ ತುಂಬಿರುತ್ತದೆ. ಕುಟ್ಟಿದಾಗ ಅದು ಕುಗ್ಗುತ್ತದೆ. ಅದಕ್ಕಾಗಿ ಕಾಲುಭಾಗ ಸೇರಿಸಿದರೆ ಸರಿಯಾಗಿ 100 ಘನ ಅಡಿ. ಮೇಲ್ಪದರವನ್ನು ಕುಟ್ಟದೆ ಹರಡುವುದಷ್ಟೇ. 320ರ ಮೇಲೆ 2 ಅಂಗುಲಕ್ಕೆ ಸುಮಾರು 53 ಘನ ಅಡಿ. ಚೆಲ್ಲಿಹೋಗುವುದಕ್ಕೆ ಹತ್ತನೆಯ ಒಂದು ಭಾಗ ಕೂಡಿಸಿದರೆ 60ರ ಹತ್ತಿರ. ಒಟ್ಟು 160 ಘನ ಅಡಿ. ಸಡಿಲವಾದ ಜಲ್ಲಿ ಘನ ಮೀಟರಿಗೆ ಸುಮಾರು ಒಂದೂವರೆ ಟನ್ ತೂಗುವುದರಿಂದ ಇದು ಆರೂಮುಕ್ಕಾಲು ಟನ್ನಿನಷ್ಟಾಯಿತು. ಚಪ್ಪಡಿಯ ಜಾಗವನ್ನು ಕಳೆಯದೆ ಇದ್ದಿದ್ದರೆ ಇನ್ನೂ 40 ಘನ ಅಡಿ ಹೆಚ್ಚಿಗೆ ಬರುತ್ತಿತ್ತು. ಅದು ಎಲ್ಲಿ ಬಿದ್ದಿರುತ್ತಿತ್ತು ಎಂಬುದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅಗೆದು ತೆಗೆಯುವ ಮಣ್ಣಿನದೂ ಒಂದು ಲೆಕ್ಕ. 320 ಚದರ ಅಡಿಯಲ್ಲಿ 5 ಅಂಗುಲ ಅಗೆದರೆ 133 ಘನ ಅಡಿ; ಅಗೆದ ಮಣ್ಣು ಉಬ್ಬುವುದರಿಂದ ರಾಶಿ ಇನ್ನೂ ದೊಡ್ಡದು. ಅದನ್ನೂ ಹೊರಗೆ ಹಾಕುವಂತಿಲ್ಲವೆಂದು ಗೃಹಸ್ಥರು ಮೊದಲೇ ಹೇಳಿ, ಹಿತ್ತಲಿನ ತಗ್ಗಿಗೂ ಹೂಗಿಡಗಳ ಪಾತಿಗೂ ಹೊರಿಸಿದರು.

ಜಲ್ಲಿ ಒಳಗೆ ಸುರಿಯುವಂತೆ ಗೇಟನ್ನು ಪೂರ್ತಿ ತೆರೆದಿಟ್ಟಿದ್ದರು. ಲಾರಿ ಬಂದಾಗ ಮಗಳು ಅದರ ಹೊಟ್ಟೆಯನ್ನು ಅಳೆಸಿದಳು: ಉದ್ದ 10 ಅಡಿ, ಅಗಲ 6 ಅಡಿ. ಅಂದರೆ ಮೇಲ್ಮೈ ಸಮ ಮಾಡಿದಾಗ ಕಲ್ಲು 20 ಅಂಗುಲ ಎತ್ತರ ನಿಂತರೆ 100 ಘನ ಅಡಿ. ಕೋಲು ಇಳಿಸಿ ನೋಡಿದರು; ಸರಿಯಿತ್ತು. ಸುರಿದ ಮೇಲೆ ಅಳೆಯಬೇಕಾದವರಿಗೂ ಒಂದು ಉಪಾಯವಿದೆ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ಧಾನ್ಯದ ರಾಶಿಯನ್ನು ಅಳೆಯುವ ಕ್ರಮವನ್ನು ಹೇಳಿದ್ದಾರೆ: ರಾಶಿಯ ಸುತ್ತಳತೆಯ ಆರನೆಯ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಎತ್ತರದಿಂದ ಗುಣಿಸಬೇಕು. ಹಗ್ಗದ ಸುತ್ತು 30 ಅಡಿ, ಎತ್ತರ 4 ಅಡಿ ಇದ್ದರೆ, ಐದೈದಲ ಇಪ್ಪತ್ತೈದು, ನಾಲ್ಕರಿಂದ ನೂರು. ಇಂದಿನ ಸೂಕ್ಷ್ಮ ಗಣಿತಕ್ಕೂ ಇದಕ್ಕೂ ನೂರಕ್ಕೆ ಐದರೊಳಗಿನ ವ್ಯತ್ಯಾಸ. ಅದೇ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಸಂತೆಯಲ್ಲಿ, ಹೊಲದಲ್ಲಿ, ಕಣದಲ್ಲಿ ಮನುಷ್ಯರ ನಡುವೆ ಜಗಳವಾಗದಿರಲಿ ಎಂಬುದೂ ಹಿಂದಿನವರ ಗಣಿತಕ್ಕೆ ಒಂದು ಉದ್ದೇಶವಾಗಿತ್ತು.

ಇನ್ನೊಂದು ಮಾತನ್ನೂ ನೆನೆಯಬೇಕು. ನಮ್ಮ ಕಡೆಯ ಜಲ್ಲಿ ಬಹುಮಟ್ಟಿಗೆ ಗ್ರಾನೈಟ್ ಮತ್ತು ನೈಸ್ ಶಿಲೆಗಳದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ನೈಸ್ ಶಿಲೆಯದೇ. ಅದರ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲು. ಒಡೆದ ಗುಡ್ಡ ಮತ್ತೆ ಬೆಳೆಯುವುದಿಲ್ಲ. ಬೀದಿಯಲ್ಲಿ ಹಾಳಾಗುವ ಪ್ರತಿಯೊಂದು ಬಾಂಡ್ಲಿಯೂ ಎಲ್ಲಿಯೋ ಒಂದು ಗುಡ್ಡದ ಚೂರು.

ಎರಡು ದಿನಗಳಲ್ಲಿ ಕೆಲಸ ಮುಗಿಯಿತು. ಜಲ್ಲಿ ಸರಿದುಹೋಗದಂತೆ ಅಂಚುಕಲ್ಲುಗಳನ್ನು ನಿಲ್ಲಿಸಿದರು. ಉಳಿದುದು ಆರು ಬಾಂಡ್ಲಿ. ಚಕ್ರದ ಜಾಡು ಬಿದ್ದಲ್ಲಿ ತುಂಬಲೆಂದು ಅದನ್ನು ಷೆಡ್ಡಿನ ಮೂಲೆಗೆ ಹಾಕಿದರು. “ನನ್ನ ಲೆಕ್ಕದಲ್ಲಿ ಒಂದು ಲೋಡು ಮಿಕ್ಕಿರೋದು ಸಾರ್,” ಎಂದು ಮೇಸ್ತ್ರಿ ನಕ್ಕನು. ಮಾರನೆಯ ದಿನ ಬೆಳಿಗ್ಗೆ ಅಜ್ಜಿ ಹೂಬುಟ್ಟಿ ಹಿಡಿದು, ಗೋಡೆ ಮುಟ್ಟದೆ, ಚಪ್ಪಡಿಯ ಮೇಲೆ ಹಿತ್ತಲಿಗೆ ಹೋಗಿಬಂದರು.

ಆ ಸಂಜೆ ಗೃಹಸ್ಥರು ಪೊರಕೆ ಹಿಡಿದು ಗೇಟಿನ ಹೊರಗೆ ನಿಂತಿದ್ದರು. ಲಾರಿ ತಿರುಗುವಾಗ ಒಂದು ಹಿಡಿಯಷ್ಟು ಜಲ್ಲಿ ರಸ್ತೆಗೆ ಉದುರಿತ್ತು. ಬಗ್ಗಿ ಗುಡಿಸುತ್ತಿದ್ದಾಗ ಎದುರುಮನೆಯ ಬಾಗಿಲು ತೆರೆಯಿತು. ಹುಡುಗನ ತಾಯಿ ಹೊಸಲಿನಲ್ಲಿ ನಿಂತು ಸ್ವಲ್ಪಹೊತ್ತು ನೋಡಿದರು.

“ಮಳೆ ಬರೋ ಹಾಗಿದೆ. ಬೆಳಿಗ್ಗೆ ಗುಡಿಸಬಹುದಲ್ಲ?”

“ಇಲ್ಲಮ್ಮ,” ಎಂದರು ಗೃಹಸ್ಥರು, “ನಾಳೆಗೆ ಬಿಡುವುದು ಬೇಡ.”

ಆಕೆ ಒಳಗೆ ಹೋಗಿ ಮೊರವೊಂದನ್ನು ತಂದುಕೊಟ್ಟರು.